ಎಂಬತ್ತನೇ ಸಾಲು ಇಲ್ಲದ ಪ್ರೋಗ್ರಾಮು

ಘಟಪ್ರಭಾ, ಹೊರಡುವ ಮುನ್ನ

ಸ್ಕಾಟ್ಲೆಂಡಿಗೆ ಹೊರಟ ನನ್ನ ಸಾಮಾನಿನಲ್ಲಿ ಎರಡು ಕೋಟು, ಎರಡು ಡಬ್ಬಿ ಶೇಂಗಾ ಚಟ್ನಿ, ಒಂದು ಪೊಟ್ಟಣ ಕರದಂಟು ಮತ್ತು ಒಬ್ಬ ಹುಡುಗಿಯ ನೋಟುಬುಕ್ಕು ಇದ್ದವು. ಕೋಟುಗಳಲ್ಲಿ ಒಂದು ನನ್ನದು, ಇನ್ನೊಂದು ನನ್ನ ಭಾವನ ಮದುವೆಯದು. ಮುಂಬೈ ಮುಟ್ಟುವಷ್ಟರಲ್ಲಿ ಚಟ್ನಿಯ ಎಣ್ಣೆಯೆಲ್ಲ ಭಾವನ ಕೋಟಿಗೆ ಇಳಿದಿತ್ತು. ನೋಟುಬುಕ್ಕನ್ನು ಮಾತ್ರ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಹೆಗಲ ಚೀಲದಲ್ಲೇ ಇಟ್ಟುಕೊಂಡಿದ್ದೆ.

ತೊಂಬತ್ತರ ದಶಕದ ಕೊನೆಯ ಮಾತಿದು. ನಾನು ಗೋಕಾಕ ಫಾಲ್ಸ್ ಗಿರಣಿ ಕಾರ್ಮಿಕನ ಮಗ. ಘಟಪ್ರಭಾದ ಒಂದು ಹೈಸ್ಕೂಲು ಮತ್ತು ಜೂನಿಯರ್ ಕಾಲೇಜಿನಲ್ಲಿ ಗಣಿತ ಹೇಳುತ್ತಿದ್ದೆ. ಮೂಡಲಗಿಯ ದಾನಿಯೊಬ್ಬರು ನಮ್ಮ ಶಾಲೆಗೆ ಒಂದು ಹಳೆಯ ಕಂಪ್ಯೂಟರ್ ಕೊಟ್ಟಾಗ ಹೆಡ್‌ಮಾಸ್ತರರು, "ನದಾಫ ಸರ, ಲೆಕ್ಕದ ಮಷೀನಿಗೆ ಲೆಕ್ಕದ ಮಾಸ್ತರ. ನೀವ ಕಲಸ್ರಿ," ಎಂದು ಖೋಲಿಯ ಕೀಲಿ ಕೊಟ್ಟು ಕೈ ತೊಳೆದುಕೊಂಡರು. ನನಗೆ ಅದರ ಗಂಧಗಾಳಿಯೂ ಇರಲಿಲ್ಲ. ಮಕ್ಕಳಿಗಿಂತ ಒಂದು ಪಾಠ ಮುಂದೆ ಓದಿಕೊಂಡು ಹೇಗೋ ಕಲಿಸಿದೆ. ಅರವತ್ತು ಮಕ್ಕಳಿಗೆ ಒಂದು ಮಷೀನು, ಅದಕ್ಕೂ ಕರೆಂಟು ಬಂದರೆ ಬಂತು. ಹೀಗಾಗಿ ಮಕ್ಕಳು ಪ್ರೋಗ್ರಾಮನ್ನು ನೋಟುಬುಕ್ಕಿನಲ್ಲಿ ಬರೆದು, ಒಂದೊಂದೇ ಸಾಲಿಗೆ ಬೆರಳಿಟ್ಟು, ತಾವೇ ಮಷೀನಾಗಿ ಲೆಕ್ಕ ಮಾಡಿ ಉತ್ತರ ತೆಗೆಯುತ್ತಿದ್ದರು. ಹಾಗೆ ಬೆರಳಿಟ್ಟು ಓದುವುದರಲ್ಲಿ ಘೋಡಗೇರಿಯ ತ್ರಿಶಲಾಳನ್ನು ಮೀರಿಸುವವರು ಇರಲಿಲ್ಲ.

ಅವಳು ಅದೇ ತಾನೇ ಪಿ.ಯು. ಮುಗಿಸಿದ್ದಳು. ಬೆಳಗಾವಿಯಲ್ಲಿ ಹಾಸ್ಟೆಲಿನಲ್ಲಿದ್ದು ಕಂಪ್ಯೂಟರ್ ವಿಷಯದಲ್ಲಿ ಡಿಗ್ರಿ ಮಾಡುವ ಆಸೆ ಅವಳದು. ಅವಳ ತಂದೆ ಜಿನಗೌಡರು ಊರ ಕಾಲುವೆಯ ನೀರಿನ ಪಾಳಿ ಬರೆಯುವವರು. ಇಪ್ಪತ್ತೆರಡು ಹೊಲಗಳು, ವಾರಕ್ಕೊಂದು ಸುತ್ತು. ಯಾರ ಹೊಲಕ್ಕೆ ಎಷ್ಟು ತಾಸು ನೀರು, ಯಾವಾಗ ಶುರು, ಯಾವಾಗ ಬಂದ್ ಎಂಬುದೆಲ್ಲ ಅವರ ವಹಿಯಲ್ಲಿ ಇರುತ್ತಿತ್ತು. ಅದೇ ಪಾಳಿಯನ್ನು ಲೆಕ್ಕ ಹಾಕುವ ಪ್ರೋಗ್ರಾಮನ್ನು ತ್ರಿಶಲಾ ಬರೆದಿದ್ದಳು. ಬರೆದು ಮುಗಿಸುವ ಹೊತ್ತಿಗೆ ನಮ್ಮ ಮಾನಿಟರು ಕಣ್ಣು ಮುಚ್ಚಿ ರಿಪೇರಿಗೆ ಹೋಗಿತ್ತು. ಹಾಗಾಗಿ ಅದು ಓಡಿದ್ದನ್ನು ಅವಳು ಒಮ್ಮೆಯೂ ನೋಡಿರಲಿಲ್ಲ.

ಶಿಕ್ಷಕರ ವಿನಿಮಯದಲ್ಲಿ ಸ್ಕಾಟ್ಲೆಂಡಿಗೆ ಹೋಗಲು ನನ್ನ ಹೆಸರು ಬಂದದ್ದು ತಿಳಿದು ತಂದೆ, ಮಗಳು ಇಬ್ಬರೂ ಮನೆಗೆ ಬಂದರು.

"ಮಾಸ್ತರ್ರ, ಹುಕ್ಕೇರ್ಯಾಗ ಆರ್ಟ್ಸ್ ಮಾಡಿದ್ರ ಸಂಜೀಕ ಮನಿಗೆ ಬರತಾಳ. ಬೆಳಗಾಂವಿಗೆ ಕಳಸೂದಂದ್ರ ನನಗ ಒಂದ ಖಾತ್ರಿ ಬೇಕ್ರಿ," ಎಂದರು ಜಿನಗೌಡರು. "ನೀವು ಮಷೀನು ಇದ್ದ ದೇಶಕ್ಕ ಹೊಂಟೀರಿ. ಆಕಿ ಬರದದ್ದು ಅಲ್ಲಿ ಹಾಕಿ ನೋಡ್ರಿ. ನನ್ನ ವಹಿಗೆ ನಿಮಿಷಕ್ಕ ನಿಮಿಷ ಕೂಡಿದ್ರ ಅರ್ಜಿಗೆ ಸಹಿ."

"ಕೂಡದಿದ್ರ ಗೌಡ್ರ?"

"ಹುಕ್ಕೇರಿ."

ನಾನು ನಕ್ಕೆ. ಅವರು ನಗಲಿಲ್ಲ. "ನಗಬ್ಯಾಡ್ರಿ. ಒಂದ ನಿಮಿಷದ ನೀರಿಗೆ ನಮ್ಮಲ್ಲಿ ಸಲಿಕಿ ಎತ್ತತಾರ. ಕಾಲವಿ ಬಾಲದಾಗ ಮಲ್ಲವ್ವನ ಹೊಲ ಐತಿ. ಅಲ್ಲಿ ಮುಟ್ಟೂದ್ರಾಗ ಅರ್ಧ ನೀರ ಇಂಗಿರತೈತಿ. ಎಲ್ಲಾರೂ ಒಂದೊಂದು ನಿಮಿಷ ಬಿಟ್ಟ ಕೊಡ್ರೋ ಅಂತ ಹತ್ತ ವರ್ಷದಿಂದ ಬಡಕೊಳ್ಳಾಕತ್ತೀನಿ. ಯಾರ ಬಿಡತಾರ್ರಿ? ನೀ ಮೊದಲ ಬಿಡು ಅಂತಾರ."

ತ್ರಿಶಲಾ ಎರಡೂ ಕೈಯಿಂದ ನೋಟುಬುಕ್ಕು ಕೊಟ್ಟಳು. "ಸರ, ಕೈಲೆ ಏಳ ಸಲ ಮಾಡಿ ನೋಡೇನ್ರಿ. ಬರೋಬ್ಬರಿ ಬರತೈತಿ."

ಅರ್ಜಿಗೆ ಕೊನೆಯ ದಿನ ನಾನು ಅಲ್ಲಿ ಮುಟ್ಟಿದ ಮೊದಲ ವಾರದ ಶನಿವಾರ. ಶುಕ್ರವಾರ ಸಂಜೆ ಆರಕ್ಕೆ ಜಿನಗೌಡರು ಘಟಪ್ರಭಾ ಸ್ಟೇಷನ್ ಎದುರಿನ ಎಸ್‌ಟಿಡಿ ಬೂತಿನಲ್ಲಿ ಕಾಯುವುದು, ನಾನು ಫೋನ್ ಮಾಡುವುದು ಎಂದು ಮಾತಾಯಿತು.

ಉತ್ತರಕ್ಕೆ ಹೋಗುವ ರೈಲು

ಲಂಡನ್ನಿನಿಂದ ಹತ್ತಿದ ರೈಲಿನಲ್ಲಿ ನಾಲ್ಕು ತಾಸು ಯಾರೂ ಯಾರ ಜೊತೆಗೂ ಮಾತಾಡಲಿಲ್ಲ. ನಮ್ಮ ಮೀರಜ್ ಪ್ಯಾಸೆಂಜರಿನಲ್ಲಿ ಒಂದು ಸ್ಟೇಷನ್ ದಾಟುವಷ್ಟರಲ್ಲಿ ಪಗಾರ ಎಷ್ಟು, ಮಕ್ಕಳೆಷ್ಟು, ದೊಡ್ಡವನಿಗೆ ಯಾಕಿನ್ನೂ ಮದುವೆ ಮಾಡಿಲ್ಲ ಎಂಬುದೆಲ್ಲ ಮುಗಿದಿರುತ್ತದೆ. ನನಗೆ ಉಸಿರು ಕಟ್ಟಿತು. ಕರದಂಟಿನ ಪೊಟ್ಟಣ ಬಿಚ್ಚಿ ಸುತ್ತಲಿದ್ದವರ ಮುಂದೆ ಹಿಡಿದೆ. ಎದುರಿನ ಅಜ್ಜಿ ಬಹಳ ನಯವಾಗಿ ಒಂದು ತುಂಡು ತೆಗೆದುಕೊಂಡು, ಕರವಸ್ತ್ರದಲ್ಲಿ ಸುತ್ತಿ ಪರ್ಸಿನೊಳಗೆ ಹಾಕಿ, ಕಿಟಕಿಯ ಕಡೆ ತಿರುಗಿದಳು. ಅದನ್ನು ತಿಂದಳೋ, ಪೊಲೀಸರಿಗೆ ಕೊಟ್ಟಳೋ, ಇವತ್ತಿಗೂ ನನಗೆ ಗೊತ್ತಿಲ್ಲ.

ಸೋಮವಾರ, ಬೂಟು

ನನ್ನನ್ನು ಕಳಿಸಿದ್ದು ಹೊಳೆಯ ದಂಡೆಯ ಒಂದು ಸಣ್ಣ ಊರಿನ ಹೈಸ್ಕೂಲಿಗೆ. ಅಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದವರು ಐಯನ್ ಎಂಬವರು, ನಿವೃತ್ತಿಗೆ ಒಂದೇ ವರ್ಷ ಇದ್ದ, ಕೆಂಪು ಮೂಗಿನ, ದೊಡ್ಡ ದನಿಯ ಮಾಸ್ತರರು. ಅವರ ಇಂಗ್ಲಿಷು ಅರ್ಧ ತಿಳಿಯುತ್ತಿತ್ತು. ಆದರೆ ಮಾತಿನ ಧಾಟಿ ಮಾತ್ರ ಥೇಟ್ ನಮ್ಮ ಕಡೆಯವರದೇ, ಬೈದಂತೆ ಕೇಳುವ ಅಕ್ಕರೆ.

ಕಂಪ್ಯೂಟರ್ ಖೋಲಿಯ ಬಾಗಿಲು ತೆರೆದರು. ಯಪ್ಪಾ! ಮೂವತ್ತು ಮಷೀನು. ಒಂದಕ್ಕೂ ಬಟ್ಟೆಯ ಹೊದಿಕೆ ಇಲ್ಲ, ಕುಂಕುಮವಿಲ್ಲ, ಮುಟ್ಟಬಾರದು ಎಂಬ ಚೀಟಿ ಇಲ್ಲ. ನಾನು ಅಭ್ಯಾಸಬಲದಿಂದ ಬೂಟು ಹೊರಗೆ ಬಿಟ್ಟು ಒಳಗೆ ಹೋದೆ. ನಮ್ಮಲ್ಲಿ ಧೂಳಿಗೆ ಹೆದರಿ ಆ ಪದ್ಧತಿ ಇಟ್ಟಿದ್ದೆವು. ಇನ್‌ಸ್ಪೆಕ್ಟರರೇ ಬಂದರೂ ಚಪ್ಪಲಿ ಹೊರಗೆ.

ಒಂದು ತಾಸಿನ ನಂತರ ಹೊರಗೆ ಬಂದರೆ ಬೂಟು ಇಲ್ಲ. ಕಸಗುಡಿಸುವ ಹೆಂಗಸು ಯಾರೋ ಹುಡುಗರ ಚೇಷ್ಟೆ ಎಂದುಕೊಂಡು ಕಳೆದ ವಸ್ತುಗಳ ಕಪಾಟಿನಲ್ಲಿಟ್ಟು ಬೀಗ ಹಾಕಿ ಮನೆಗೆ ಹೋಗಿದ್ದಳು. ಇಡೀ ದಿನ ಬರೀ ಕಾಲುಚೀಲದಲ್ಲಿ ಓಡಾಡಿದೆ. ಎಡಗಾಲಿನ ಹೆಬ್ಬೆರಳು ತೂತಿನಿಂದ ಹೊರಗೆ ಬಂದು ಎಲ್ಲರಿಗೂ ನಮಸ್ಕಾರ ಹೇಳುತ್ತಿತ್ತು. ಸ್ಕಾಟ್ಲೆಂಡಿನ ಮಕ್ಕಳು ನಗಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ.

ಮರುದಿನ ಐಯನ್ ತಮ್ಮ ಬೂಟನ್ನೂ ಬಾಗಿಲಲ್ಲಿ ಬಿಟ್ಟು ಒಳಗೆ ಬಂದರು. ಯಾಕೆಂದು ಕೇಳಿದರೆ, "ನಿಮ್ಮ ಮಕ್ಕಳು ಮಷೀನಿಗೆ ಇಷ್ಟು ಮರ್ಯಾದೆ ಕೊಡುತ್ತಾರೆ ಅಂತ ಇವರಿಗೂ ಗೊತ್ತಾಗಲಿ," ಎಂದರು. ಆಗ ನನಗೆ ನಮ್ಮ ಖೋಲಿಯ ಹೊರಗಿನ ಚಪ್ಪಲಿಗಳ ರಾಶಿ ಕಣ್ಣಿಗೆ ಕಟ್ಟಿತು. ಊರು ಬಿಟ್ಟು ನಾಲ್ಕೇ ದಿನವಾಗಿತ್ತು.

ಬುಧವಾರ, ಸ್ಟೋರ್ ರೂಮು

ಹತ್ತು, ಇಪ್ಪತ್ತು, ಮೂವತ್ತು ಎಂದು ಪ್ರತಿ ಸಾಲಿಗೂ ಸಂಖ್ಯೆ ಹಾಕಿ ಬರೆಯುವ ನಮ್ಮ ಬೇಸಿಕ್ ಭಾಷೆಯೇ ಅವರ ಹೊಸ ಮಷೀನುಗಳಲ್ಲಿ ಇರಲಿಲ್ಲ. ಮಕ್ಕಳು ಅದರ ಹೆಸರನ್ನೂ ಕೇಳಿರಲಿಲ್ಲ. ಐಯನ್ ಸ್ಟೋರ್ ರೂಮಿನಿಂದ ಒಂದು ಹಳೆಯ ಕಂಪ್ಯೂಟರನ್ನು ಮಗುವಿನಂತೆ ಎತ್ತಿಕೊಂಡು ತಂದರು. ನೋಡಿದರೆ ನಮ್ಮದರ ಖಾಸಾ ತಮ್ಮ! ಅವರಿಗೆ ಅಟ್ಟ ಸೇರಿದ್ದು ನಮಗಿನ್ನೂ ಹೊಸದು ಎಂಬುದು ಮನಸ್ಸಿಗೆ ಸ್ವಲ್ಪ ಚುಚ್ಚಿತು. ಆದರೆ ಐಯನ್ ಅದರ ಧೂಳನ್ನು ತಮ್ಮ ಟೈಯಿಂದಲೇ ಒರೆಸಿದರು. ಅವರೂ ಅದರ ಮೇಲೆಯೇ ಕಲಿತವರಂತೆ.

ಕರ್ಸ್ಟಿ ಎಂಬ ಹುಡುಗಿ, ವಿಶ್ವವಿದ್ಯಾಲಯಕ್ಕೆ ಹೋಗಲು ತಯಾರಾಗುತ್ತಿದ್ದವಳು, ತ್ರಿಶಲಾಳ ನೋಟುಬುಕ್ಕನ್ನು ಮುಂದಿಟ್ಟುಕೊಂಡು ಪ್ರೋಗ್ರಾಮು ಟೈಪು ಮಾಡಿದಳು. ಜಿನಗೌಡರ ವಹಿಯಿಂದ ತಂದ ಇಪ್ಪತ್ತೆರಡು ಹೊಲಗಳ ತಾಸುಗಳನ್ನು ನಾನು ಓದಿ ಹೇಳಿದೆ. ಪ್ರಿಂಟರು ಕಿರ್ರ್ ಎಂದು ಪಟ್ಟಿ ಉಗುಳಿತು.

ಕೂಡಲಿಲ್ಲ. ಮೂರು ತಾಸಿನ ಹೊಲಕ್ಕೆ ನೂರಾ ಎಂಬತ್ತು ನಿಮಿಷ ಬರಬೇಕಿತ್ತು, ನೂರಾ ಎಪ್ಪತ್ತೊಂಬತ್ತು ಬಂದಿತ್ತು. ಮುಂದಿನ ಹೊಲಕ್ಕೂ ಒಂದು ನಿಮಿಷ ಕಡಿಮೆ. ಅದರ ಮುಂದಿನದಕ್ಕೂ. ವಾರದ ಸುತ್ತು ಇಪ್ಪತ್ತೆರಡು ನಿಮಿಷ ಮೊದಲೇ ಮುಗಿದುಹೋಗಿತ್ತು.

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಏಳು ಸಲ ಮಾಡಿ ನೋಡಿದೆನೆಂದಳಲ್ಲ, ಏನು ನೋಡಿದಳು ಇವಳು! ಅವಳ ಹಣೆಬರಹದ ಅರ್ಜಿ ಇಟ್ಟುಕೊಂಡು ಇಂಥ ಎಡವಟ್ಟು! ಕರ್ಸ್ಟಿಯ ಎದುರಿಗೇ ಕನ್ನಡದಲ್ಲಿ ಬೈದುಬಿಟ್ಟೆ. ಪಾಪ, ಆ ಹುಡುಗಿ ತನಗೇ ಬೈದದ್ದೆಂದು ತಿಳಿದು ಕೈ ಹಿಂದಕ್ಕೆ ತೆಗೆದುಕೊಂಡಳು.

ಗುರುವಾರ

ಬೆಳಿಗ್ಗೆ ಖೋಲಿಯ ಮೂಲೆಯಲ್ಲಿ ಕುಳಿತು ನಮ್ಮ ಮಕ್ಕಳ ಪದ್ಧತಿಯಲ್ಲೇ ಸಾಲಿಗೆ ಬೆರಳಿಟ್ಟು ಲೆಕ್ಕ ಮಾಡಿದೆ. ನೂರಾ ಎಂಬತ್ತು. ಮತ್ತೆ ಮಾಡಿದೆ. ನೂರಾ ಎಂಬತ್ತೇ. ಕೈಯಿಂದ ಮಾಡಿದರೆ ಸರಿ, ಮಷೀನಿನಲ್ಲಿ ತಪ್ಪು.

ಕರ್ಸ್ಟಿ ಮೆಲ್ಲಗೆ ಬಂದು ಪಕ್ಕದಲ್ಲಿ ನಿಂತಳು. "ಒಂದು ಕೇಳಲಾ? ಇದರಲ್ಲಿ ಎಪ್ಪತ್ತನೇ ಸಾಲು ಇದೆ, ತೊಂಬತ್ತನೇ ಸಾಲು ಇದೆ. ಎಂಬತ್ತು ಯಾಕಿಲ್ಲ?"

"ನಮ್ಮಲ್ಲಿ ಎಂಬತ್ತು ಬರೆಯುವುದಿಲ್ಲ," ಎಂದೆ ನಾನು, ಮಳೆ ಬರುತ್ತಿದೆ ಎಂದಷ್ಟು ಸಹಜವಾಗಿ.

"ಎಂಟು ಬೇಕಾದಲ್ಲೆಲ್ಲ ನಾಲ್ಕು ಕೂಡಿಸು ನಾಲ್ಕು ಅಂತ ಇದೆ. ವಾರದ ನೂರಾ ಅರವತ್ತೆಂಟು ತಾಸಿಗೆ ನೂರಾ ಅರವತ್ತೇಳು ಕೂಡಿಸು ಒಂದು. ಮತ್ತೆ, ಅರವತ್ತರಿಂದ ಗುಣಿಸುವ ಬದಲು ಅರವತ್ತರಲ್ಲಿ ಒಂದು ಪಾಲಿನಿಂದ ಭಾಗಿಸಿದ್ದಾಳೆ. ನಿಮ್ಮ ದೇಶದಲ್ಲಿ ಹೀಗೇನಾ ಗುಣಾಕಾರ ಮಾಡುವುದು?"

ಆಗ ನೆನಪಾಯಿತು ನೋಡಿ. ನಮ್ಮ ಕೀಬೋರ್ಡಿನಲ್ಲಿ ಎಂಟು ಎಂಬ ಅಂಕಿಯ ಗುಂಡಿ ಸತ್ತು ಮೂರು ವರ್ಷವಾಗಿತ್ತು. ಗುಣಾಕಾರಕ್ಕೆ ಹಾಕುವ ನಕ್ಷತ್ರದ ಗುರುತು ಇರುವುದೂ ಅದೇ ಗುಂಡಿಯ ಮೇಲೆ. ಬಲಗಡೆಯ ಅಂಕಿಗಳ ಸಾಲಂತೂ ಬಂದ ದಿನದಿಂದಲೇ ಸತ್ತಿತ್ತು. ದಾನ ಕೊಟ್ಟವರಿಗೆ ಬೇಸರವಾದೀತೆಂದು ಹೆಡ್‌ಮಾಸ್ತರರು ಯಾರಿಗೂ ಹೇಳಬೇಡಿ ಎಂದಿದ್ದರು. ಎಂಟಿಲ್ಲದೆ, ಗುಣಾಕಾರವಿಲ್ಲದೆ ಬದುಕುವ ದಾರಿಯನ್ನು ಮಕ್ಕಳಿಗೆ ಕಲಿಸಿದವನು ನಾನೇ. ಕಲಿಸಿ ಕಲಿಸಿ ನನಗೇ ಮರೆತುಹೋಗಿತ್ತು. ಮಕ್ಕಳು ನೋಟುಬುಕ್ಕಿನಲ್ಲೂ, ಕೈಯಲ್ಲಿ ಒಳ್ಳೆಯ ಪೆನ್ನು ಇದ್ದಾಗಲೂ, ಎಪ್ಪತ್ತರ ನಂತರ ತೊಂಬತ್ತು ಬರೆಯುತ್ತಿದ್ದರು.

ಐಯನ್ನರಿಗೆ ಇದನ್ನು ಹೇಳಿದೆ. ಮೊದಲು ಗಹಗಹಿಸಿ ನಕ್ಕರು. ಆಮೇಲೆ ನೋಟುಬುಕ್ಕಿನ ಪುಟಗಳನ್ನು ಒಂದೊಂದಾಗಿ ತಿರುವಿ ನೋಡಿದರು. ತಪ್ಪು ಎಲ್ಲಿದೆ ಎಂದು ಅವರೇ ಬಿಡಿಸಿ ಹೇಳಿದರು. ಒಂದನ್ನು ಅರವತ್ತರಿಂದ ಭಾಗಿಸಿದರೆ ಬರುವ ಸಂಖ್ಯೆಗೆ ಕೊನೆಯೇ ಇಲ್ಲ. ಮಷೀನು ಅದನ್ನು ಎಲ್ಲೋ ಒಂದು ಕಡೆ ಕಡಿದು, ಕೊನೆಯ ಅಂಕಿಯನ್ನು ಒಂಚೂರು ಏರಿಸಿ ಇಟ್ಟುಕೊಳ್ಳುತ್ತದೆ. ಆಮೇಲೆ ಅದರಿಂದ ಮೂರನ್ನು ಭಾಗಿಸಿದರೆ ನೂರಾ ಎಂಬತ್ತಕ್ಕೆ ಕೂದಲೆಳೆಯಷ್ಟು ಕಡಿಮೆ ಬರುತ್ತದೆ. ಪೂರ್ತಿಯಾಗದ ನಿಮಿಷವನ್ನು ಬಿಟ್ಟುಬಿಡು ಎಂದು ತ್ರಿಶಲಾ ಬರೆದಿದ್ದರಿಂದ ಒಂದು ನಿಮಿಷವೇ ಹೋಯಿತು. ಕೈಯಿಂದ ಮಾಡುವಾಗ ನಾವು ಪಾಲನ್ನು ತಿರುವಿ ಗುಣಿಸುತ್ತೇವೆ, ಅದಕ್ಕೇ ಸರಿ ಬರುತ್ತದೆ.

"ಹುಡುಗಿಯ ಬುದ್ಧಿಯಲ್ಲಿ ದೋಷವಿಲ್ಲ," ಎಂದರು ಐಯನ್. ಕರ್ಸ್ಟಿ ಆ ಒಂದು ಸಾಲಿನಲ್ಲಿ ಎಂಟರ ಗುಂಡಿ ಒತ್ತಿ ನಕ್ಷತ್ರ ಹಾಕಿದಳು. ಎರಡನೇ ಪಟ್ಟಿ ಬಂತು. ವಹಿಗೆ ನಿಮಿಷಕ್ಕೆ ನಿಮಿಷ ಕೂಡಿತ್ತು. ಖುಷಿಯಾಗಬೇಕಿತ್ತು. ಆದರೆ ನಿನ್ನೆ ತ್ರಿಶಲಾಳಿಗೆ ಅಂದ ಮಾತುಗಳು ನೆನಪಾಗಿ, ನನ್ನ ಕಪಾಳಕ್ಕೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸಿತು.

ಶುಕ್ರವಾರ, ಅಲ್ಲಿ ಮಧ್ಯಾಹ್ನ ಒಂದೂವರೆ, ಇಲ್ಲಿ ಸಂಜೆ ಆರು

ಶಾಲೆಯ ಫೋನಿನಿಂದ ಬೂತಿಗೆ ಹಚ್ಚಿದೆ. ಕೂಡಿತು ಎಂಬ ಒಂದು ಶಬ್ದ ಹೇಳಿದರೆ ಸಾಕು, ತ್ರಿಶಲಾ ಬೆಳಗಾವಿಗೆ. ಅದು ಸುಳ್ಳೂ ಅಲ್ಲ, ಎರಡನೇ ಪಟ್ಟಿ ಕೂಡಿತ್ತಲ್ಲ. ಆದರೆ ಜಿನಗೌಡರು ಕೇಳಿದ್ದು ಆಕೆ ಬರೆದದ್ದನ್ನು, ಬರೆದ ಹಾಗೆ.

"ಹಲೋ, ಮಾಸ್ತರ್ರ? ಕೂಡಿತೇನ್ರಿ?" ಹಿಂದೆ ರೈಲಿನ ಸೀಟಿ ಕೇಳುತ್ತಿತ್ತು. ಆ ಸಪ್ಪಳ ಕೇಳಿದ ಮೇಲೆ ನನ್ನ ಕೈಲಿ ಕಳ್ಳಾಟ ಆಗಲಿಲ್ಲ.

"ಗೌಡ್ರ, ಆಕಿ ಬರದಂಗ ಹಾಕಿದ್ರ ಕೂಡಲಿಲ್ಲ. ಆದರ ತಪ್ಪ ಆಕಿದಲ್ಲ, ನಂದು. ನಮ್ಮ ಮಷೀನಿನ್ಯಾಗ ಗುಣಾಕಾರದ ಗುಂಡಿ ಸತ್ತೈತಿ. ಅದಕ್ಕ ನಾ ಒಂದ ಅಡ್ಡಹಾದಿ ಕಲಿಸಿದ್ದೆ. ಆ ಹಾದ್ಯಾಗ ನಿಮಿಷ ಸೋರತೈತಿ ಅಂತ ನನಗ ಗೊತ್ತಿರಲಿಲ್ಲ. ಒಂದ ಸಾಲು ಸರಿ ಮಾಡಿದ ಮ್ಯಾಲ ಬರೋಬ್ಬರಿ ಕೂಡಿತು."

"ಮೊದಲಿನ ಪಟ್ಟ್ಯಾಗ ಎಷ್ಟ ಕಮ್ಮಿ ಇತ್ತು?"

"ಹೊಲಕ್ಕ ಒಂದ ನಿಮಿಷ."

"ಯಾರ ಹೊಲಕ್ಕ?"

"ಎಲ್ಲಾರ ಹೊಲಕ್ಕೂ. ನಿಮ್ಮ ಹೊಲಕ್ಕೂ."

"ನನ್ನ ಹೊಲಕ್ಕೂ?" ಎಂದರು ಜಿನಗೌಡರು. ಲೈನು ಕಟ್ಟಾಯಿತು.

ಮತ್ತೆ ಹಚ್ಚಿದರೆ ಬೂತಿನವನು, "ಗೌಡ್ರು ಎದ್ದ ಹ್ವಾದರ್ರಿ, ಏನೂ ಹೇಳಲಿಲ್ಲ," ಎಂದ.

ಉಳಿದ ಹನ್ನೆರಡು ದಿನ

ಆಮೇಲೆ ನಾನು ಫೋನ್ ಮಾಡಲಿಲ್ಲ. ಧೈರ್ಯವಾಗಲಿಲ್ಲ. ನೋಡಿದ್ದೆಲ್ಲ ನೋಡಿದೆ, ತಿಂದದ್ದೆಲ್ಲ ತಿಂದೆ, ಯಾವುದೂ ಮೈಗೆ ಹತ್ತಲಿಲ್ಲ. ಐಯನ್ ಒಂದು ದಿನ ಅವರೂರಿನ ಬಂದಾದ ಬಟ್ಟೆ ಗಿರಣಿಗೆ ಕರೆದೊಯ್ದರು. ಅದೀಗ ಮ್ಯೂಸಿಯಮ್ಮು, ಒಳಗೆ ಒಂದು ಮಗ್ಗವನ್ನು ಮಾತ್ರ ನೋಡುವವರಿಗಾಗಿ ಓಡಿಸುತ್ತಾರೆ. ಆ ಸಪ್ಪಳಕ್ಕೆ ಅಪ್ಪನ ಪಾಳಿ ಮುಗಿಯುವುದನ್ನು ಕಾಯುತ್ತ ಗೋಕಾಕ ಫಾಲ್ಸಿನ ಗಿರಣಿ ಗೇಟಿನಲ್ಲಿ ನಿಲ್ಲುತ್ತಿದ್ದ ದಿನಗಳು ನೆನಪಾದವು. ಅಪ್ಪನ ಅಂಗಿಯ ತೋಳಿನ ಮೇಲೆ ಹತ್ತಿಯ ಎಳೆ ಅಂಟಿರುತ್ತಿತ್ತು. ಅಲ್ಲೇ ಒಂದು ಬೆಂಚಿನ ಮೇಲೆ ಕೂತು ಅತ್ತುಬಿಟ್ಟೆ. ಅಪ್ಪನಿಗಾಗಿ ಅತ್ತೆನೋ ತ್ರಿಶಲಾಳಿಗಾಗಿ ಅತ್ತೆನೋ ತಿಳಿಯದು. ಐಯನ್ ಏನನ್ನೂ ಕೇಳದೆ ಒಂದು ಕಪ್ ಚಹಾ ತಂದುಕೊಟ್ಟರು. ಅದಕ್ಕೆ ಸಕ್ಕರೆ ಇರಲಿಲ್ಲ.

ಹೊರಡುವ ದಿನ ಒಂದು ಕೀಬೋರ್ಡನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿ ನನ್ನ ಕೈಗಿತ್ತರು. "ಎಂಟು ಸರಿಯಾಗಿದೆ, ನೋಡಿದ್ದೇನೆ," ಎಂದರು. ಭಾವನ ಕೋಟಿನೊಳಗೆ ಅದನ್ನು ಸುತ್ತಿ ಪೆಟ್ಟಿಗೆಯಲ್ಲಿಟ್ಟೆ.

ಮತ್ತೆ ಘಟಪ್ರಭಾ

ಬಂದ ಮರುದಿನ ಶಾಲೆಗೆ ಹೋದರೆ ಕಂಪ್ಯೂಟರ್ ಖೋಲಿಯ ಎದುರು ಜಿನಗೌಡರು ಚಪ್ಪಲಿ ಬಿಟ್ಟು, ಮಡಿಲಲ್ಲಿ ವಹಿ ಇಟ್ಟುಕೊಂಡು ಕೂತಿದ್ದರು.

"ಮಾಸ್ತರ್ರ, ಆ ಪಟ್ಟಿ ತಂದೀರೇನ್ರಿ?"

ನಾನು ಸರಿಯಾದ ಪಟ್ಟಿ ತೆಗೆದು ಕೊಟ್ಟೆ. ಅವರು ಅದರ ಮೇಲೆ ಕಣ್ಣಾಡಿಸಿ ಪಕ್ಕಕ್ಕಿಟ್ಟರು. "ಇದಲ್ರಿ. ತಪ್ಪಾದ ಪಟ್ಟಿ."

"ಗೌಡ್ರ, ಅದು ನನ್ನ ತಪ್ಪಂತ ಹೇಳೇನಲ್ರಿ. ಹುಡಿಗೀನ ಹುಕ್ಕೇರಿಗೆ..."

"ಆಕಿ ಬೆಳಗಾಂವ್ಯಾಗ ಅದಾಳ. ಸಹಿ ಆವತ್ತ ಸಂಜೀಕ ಮಾಡೀನಿ." ಜಿನಗೌಡರು ನನ್ನ ಮುಖವನ್ನೇ ನೋಡಿದರು. "ಯಾರೂ ನೋಡದ ಜಾಗಾದಾಗ ಆದ ತಪ್ಪ. ನೀವು ಕೂಡಿತು ಅಂದಿದ್ರ ನನಗ ತಿಳೀತಿತ್ತೇನ್ರಿ? ಇಂಥಾವ್ರ ಕಡೆ ಕಲತಾಕಿ ಎಲ್ಲಿ ಹೋದ್ರೂ ನನಗ ಚಿಂತಿಲ್ಲ."

ನಾನು ಬಾಗಿಲಿನ ಚೌಕಟ್ಟು ಹಿಡಿದು ನಿಂತೆ.

"ಈಗ ಆ ತಪ್ಪಾದ ಪಟ್ಟಿ ಕೊಡ್ರಿ. ಮಷೀನು ಎಲ್ಲಾರ ಹೊಲದಾಗೂ ಒಂದೊಂದು ನಿಮಿಷ ಕಡದೈತಿ, ಪಾಳಿ ಬರಿಯೋ ಗೌಡನ ಹೊಲದಾಗೂ ಕಡದೈತಿ ಅಂತ ಊರಾಗ ಓದಿ ಹೇಳತೀನಿ. ನೀ ಮೊದಲ ಬಿಡು ಅನ್ನಾಕ ಯಾರಿಗೂ ಬಾಯಿ ಇರಂಗಿಲ್ಲ. ಉಳದದ್ದು ಇಪ್ಪತ್ತೆರಡ ನಿಮಿಷ ಮಲ್ಲವ್ವನ ಹೊಲಕ್ಕ."

ಪಟ್ಟಿ ಕೊಟ್ಟೆ. ಅದನ್ನು ನಾಲ್ಕು ಮಡಿಕೆ ಮಾಡಿ ವಹಿಯಲ್ಲಿಟ್ಟು, ಚಪ್ಪಲಿ ಮೆಟ್ಟಿ ಹೊರಟರು.

ತ್ರಿಶಲಾ ಡಿಗ್ರಿ ಮುಗಿಸಿ, ಮುಂದೆಯೂ ಓದಿ, ಈಗ ಹುಕ್ಕೇರಿಯ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುತ್ತಾಳೆ. ಅಪ್ಪ ಹೆದರಿಸಿದ ಊರಿಗೇ ಮೇಡಮ್ ಆಗಿ ಬಂದಳು ಎಂದು ನಾನು ಚೇಷ್ಟೆ ಮಾಡುತ್ತಿರುತ್ತೇನೆ. ಬೋರ್ಡಿನ ಮೇಲೆ ಅವಸರದಲ್ಲಿ ಬರೆಯುವಾಗ ಇವತ್ತಿಗೂ ಎಪ್ಪತ್ತರ ನಂತರ ತೊಂಬತ್ತನೇ ಸಾಲು ಬರೆಯುತ್ತಾಳಂತೆ.

ಕೆಲವು ವರ್ಷಗಳ ನಂತರ ಒಮ್ಮೆ ಘೋಡಗೇರಿಗೆ ಹೋಗಿದ್ದೆ. ಬೆಳಗಿನ ಹೊತ್ತು, ಜಿನಗೌಡರ ಜೊತೆ ಕಾಲುವೆಯ ದಂಡೆಯ ಮೇಲೆ ನಡೆಯುತ್ತಿದ್ದೆ. ಒಬ್ಬನ ಹೊಲದ ನೀರು ಇನ್ನೂ ಭರ್ರನೆ ಹರಿಯುತ್ತಿತ್ತು. ಅವನು ಗಡಿಯಾರ ನೋಡಿ, ತಾನೇ ಸಲಿಕೆಯಿಂದ ಮಣ್ಣು ಎಳೆದು ತನ್ನ ಹೊಲದ ನೀರಿನ ಬಾಯಿ ಮುಚ್ಚಿದ. ಮುಂದಿನ ಹೊಲದ ಹುಡುಗ ಓಡಿಬಂದು ತನ್ನ ಪಾಳಿ ಶುರುವಾಯಿತೆಂದು ಒಡ್ಡು ಒಡೆಯಹೋದ.

"ತಡಿಯೋ," ಎಂದು ನೀರು ಮುಚ್ಚಿದವನು ಕೂಗಿದ. "ನಿಂದ ಇನ್ನೂ ಆಗಿಲ್ಲ. ಈಗ ತ್ರಿಶಲಾನ ನಿಮಿಷ ನಡದೈತಿ."

ಹುಡುಗ ಸಲಿಕೆ ಊರಿ ನಿಂತ. ನೀರು ನಮ್ಮ ಕಾಲ ಬುಡದಲ್ಲೇ ಹಾದು ಮಲ್ಲವ್ವನ ಹೊಲದ ಕಡೆ ಹೋಯಿತು.